ಉಡಿ ತುಂಬಿದ ಮೇಲೆ ಬಂದ ವಾರಂಟ್

ಮೊನ್ನೆ ತಮ್ಮನ ಮದುವೆ ಪತ್ರಿಕೆ ಅಚ್ಚು ಹಾಕಿಸಲು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಪ್ರೆಸ್ಸಿಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಕಪ್ಪು ಮಸಿಯ ವಾಸನೆ ಮೂಗಿಗೆ ಬಡಿಯಿತು. ಪ್ರೆಸ್ಸಿನವರು "ಮದುಮಗನ ಹೆಸರು ಹೇಳ್ರೆವ್ವಾ" ಎಂದು ಎರಡು ಸಲ ಕೇಳಿದರಂತೆ, ನನಗೆ ಕೇಳಿಸಲೇ ಇಲ್ಲ. ನಾನು ಆಗಲೇ ಡಿಗ್ರಿಯ ಕೊನೆಯ ವರ್ಷಕ್ಕೆ ಹೋಗಿಬಿಟ್ಟಿದ್ದೆ.

ಆ ವಾಸನೆ ನಮ್ಮ ಕಾಲೇಜಿನ ಪ್ರಯೋಗದ ಕೋಣೆಯದು. ಗಾಜಿನ ಹಲಗೆಗೆ ಮಸಿ ಬಳಿದು, ರೋಲರ್ ಉರುಳಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಅಚ್ಚು ತೆಗೆಯಬೇಕು. ಪೊಲೀಸರು ಠಾಣೆಯಲ್ಲಿ ಕಳ್ಳರ ಬೆರಳಿನ ಗುರುತು ತೆಗೆಯುವುದು ಹೀಗೆಯೇ ಎಂದು ನಮಗೆ ಪಾಠ. ಸೀಮೆಎಣ್ಣೆ ಹಚ್ಚಿ ಒರೆಸಿದರೂ ಆ ಮಸಿ ಉಗುರಿನ ಸಂದಿ ಬಿಡುತ್ತಿರಲಿಲ್ಲ. ಮಧ್ಯಾಹ್ನ ಹಾಸ್ಟೆಲ್ಲಿನಲ್ಲಿ ಅನ್ನ ಕಲಸಿದರೆ ಅನ್ನವೂ ಅದೇ ನಾತ. ಆದರೂ ಮಸಿ ಹತ್ತಿದ ಕೈ ಬೀಸಿಕೊಂಡು ಕಾಲೇಜಿನ ಅಂಗಳದಲ್ಲಿ ನಡೆಯುವಾಗ ಅರ್ಧ ಪೊಲೀಸಳಾದ ಹಾಗೆ ಬೀಗುತ್ತಿದ್ದೆ.

ಕಾಲೇಜು ಕ್ರೈಸ್ತರದು. ನಡೆಸುವವರು ಸಿಸ್ಟರುಗಳು. ಅಂಗಳದಲ್ಲಿ ದೊಡ್ಡ ಬೇವಿನ ಮರ, ಅದರ ಆಚೆ ಸಣ್ಣ ಪ್ರಾರ್ಥನಾ ಮಂದಿರ. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ನಿಲ್ಲಬೇಕಿತ್ತು, ಮನಸ್ಸಿನಲ್ಲಿ ಯಾರನ್ನು ನೆನೆಯಬೇಕೆಂದು ಯಾರೂ ಕೇಳುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ ಹುಲಿಗೆಮ್ಮನನ್ನು ನೆನೆಯುತ್ತಿದ್ದೆ, ಪಕ್ಕದವಳು ದರ್ಗಾ ನೆನೆಯುತ್ತಿದ್ದಳು. ಇಂಥ ಕಾಲೇಜಿನಲ್ಲಿ ನಾನು ಆಯ್ದುಕೊಂಡಿದ್ದು ಕ್ರಿಮಿನಲ್ ಜಸ್ಟಿಸ್, ಅಂದರೆ ಅಪರಾಧ, ಪೊಲೀಸು, ಕೋರ್ಟು, ಜೈಲು ಇವುಗಳ ಓದು. ಅರಕೇರಾ ಹತ್ತಿರದ ನಮ್ಮ ಹಳ್ಳಿಯಲ್ಲಿ ಈ ಸುದ್ದಿ "ದುರುಗಮ್ಮನ ಮಗಳು ರೇಣುಕಾ ಕ್ರಿಮಿನಲ್ ಆಗಾಕ ಓದಾಕತ್ತಾಳಂತ" ಎಂದಾಗಿತ್ತು. ಅವ್ವ ಯಾರನ್ನೂ ತಿದ್ದಲು ಹೋಗಲಿಲ್ಲ. ಅವಳಿಗೂ ಹೆಚ್ಚುಕಡಿಮೆ ಹಾಗೆಯೇ ಅನಿಸಿತ್ತೆಂದು ನನ್ನ ಗುಮಾನಿ.

ಅದೇ ವರ್ಷ ದೇಶದ ದಂಡ ಸಂಹಿತೆ ಬದಲಾಯಿತು. ಎರಡು ವರ್ಷ ಕೂತು ಬಾಯಿಪಾಠ ಮಾಡಿದ್ದ ಸೆಕ್ಷನ್ನುಗಳ ನಂಬರುಗಳೆಲ್ಲ ನೀರುಪಾಲು. ನಮಗೆ ಪಾಠ ಮಾಡುತ್ತಿದ್ದ ಸಿಸ್ಟರ್ ಲೀನಾ ಉಡುಪಿ ಕಡೆಯವರು, ನಗುಮುಖದವರು, ಅವರೇ ಆ ಜುಲೈಯಲ್ಲಿ ಹೊಸ ಪುಸ್ತಕ ಹಿಡಿದು ಬಂದು ಮೇಜಿನ ಮೇಲೆ ಕುಕ್ಕಿದರು. "ನೋಡಿ ಮಕ್ಕಳೇ, ನಾನೂ ನಿಮ್ಮ ಹಾಗೆಯೇ ಒಂದನೇ ಕ್ಲಾಸು ಈಗ. ಎಂತ ಮಾಡುವುದು?" ಎಂದರು. ಪುಸ್ತಕದಿಂದ ಸದ್ಯಕ್ಕೆ ತಪ್ಪಿಸಿಕೊಳ್ಳಲೋ ಏನೋ, ನಮ್ಮನ್ನೆಲ್ಲ ಒಂದು ವಾರದ ಮಟ್ಟಿಗೆ ನಮ್ಮ ನಮ್ಮ ತಾಲೂಕಿನ ಕೋರ್ಟಿಗೆ ಅಟ್ಟಿದರು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಬೇಕು, ಬಂದು ಹೇಳಬೇಕು. ನನಗೆ ಬಂದದ್ದು ದೇವದುರ್ಗ.

ಮಳೆ ಬಂದೂ ಬಾರದ ದಿನಗಳು. ರಾಯಚೂರಿನಲ್ಲಿ ಬೆವರಿಳಿಯುತ್ತಿದ್ದರೆ ದೇವದುರ್ಗದ ದಾರಿಯಲ್ಲಿ ಮಾತ್ರ ಮೋಡ ಕವಿದು, ಹತ್ತಿ ಬಿತ್ತಿದ ಕರಿ ಹೊಲದ ಹಸಿ ವಾಸನೆ ಬಸ್ಸಿನ ಕಿಟಕಿಗೆ ಬರುತ್ತಿತ್ತು. ಕೋರ್ಟು ನಾನು ಅಂದುಕೊಂಡಷ್ಟು ಗಂಭೀರವಾಗಿರಲಿಲ್ಲ. ಫ್ಯಾನು ಕಿರುಗುಟ್ಟುತ್ತಿತ್ತು, ಕರಿ ಕೋಟಿನವರು ಬಂದು ಹೋಗುತ್ತಿದ್ದರು, ಬಾಗಿಲಲ್ಲಿ ನಿಂತ ಜವಾನ ಒಂದೊಂದೇ ಹೆಸರು ಮೂರು ಮೂರು ಸಲ ಕೂಗುತ್ತಿದ್ದ. ಕೂಗಿದವರು ಬಂದು ನಿಂತರೆ ಮುಂದಿನ ತಾರೀಖು. ಇಷ್ಟೇನಾ ಎಂದು ಆಕಳಿಸುತ್ತ ಕೂತಿದ್ದೆ. ಆಗ ಅವನು ಕೂಗಿದ.

"ದುರುಗಮ್ಮ ಗಂಡ ಹನುಮಪ್ಪ!"

ಹಿಂದೆಯೇ ನಮ್ಮ ಊರಿನ ಹೆಸರು. ನಾನು ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಜವಾನ ನನ್ನನ್ನು ಮೇಲಿಂದ ಕೆಳಗೆ ನೋಡಿ "ನೀ ದುರುಗಮ್ಮ ಏನವ್ವಾ?" ಎಂದ. "ಅಲ್ರಿ" ಎಂದೆ. "ಮತ್ಯಾಕ ನಿಂತಿ? ಕೂಡ್ರು" ಎಂದ. ಕೂತೆ. ಮೂರನೇ ಸಲದ ಕೂಗಿಗೂ ಯಾರೂ ಬರಲಿಲ್ಲ. ಮೇಲೆ ಕೂತ ಸಾಹೇಬರು ತಲೆ ಎತ್ತದೆ, "ಜಾಮೀನುರಹಿತ ವಾರಂಟ್ ಮತ್ತೆ ಹೊರಡಿಸಿ" ಎಂದರು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೆ ಐದು ಅಂಕದ ಉತ್ತರ ಬರೆದಿದ್ದೆ. ಪೊಲೀಸರು ಯಾವ ಹೊತ್ತಿಗಾದರೂ ಮನೆಗೆ ಬಂದು ಅವ್ವನನ್ನು ಹಿಡಿದುಕೊಂಡು ಹೋಗಬಹುದು.

ಏನು ಕೇಸು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಊರ ನಳದ ಮುಂದೆ ಅವ್ವನಿಗೂ ಎದುರು ಮನೆಯ ಬಸಮ್ಮತ್ತೆಗೂ ಪಾಳಿಯ ಮೇಲೆ ಜಗಳವಾಗಿತ್ತು. ಬೈಗುಳ ಮುಗಿದ ಮೇಲೆ ಕೊಡ ಹಾರಿತು. ಬಸಮ್ಮತ್ತೆಯ ಹಣೆ ಒಡೆಯಿತು. ಯಾರೋ ಹಿರಿಯರು ಹುರಿದುಂಬಿಸಿ ಅವಳನ್ನು ಠಾಣೆಗೆ ಕರೆದೊಯ್ದರು, ಕೇಸಾಯಿತು, ಅವ್ವ ಠಾಣೆಯಲ್ಲೇ ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದಳು. ಎರಡು ತಿಂಗಳಿಗೆ ಅದೇ ಹಿರಿಯರೇ ಕಟ್ಟೆಗೆ ಕೂತು ರಾಜಿ ಮಾಡಿಸಿದರು. ನಮ್ಮ ಕಡೆ ಹೆಂಗಸರ ಜಗಳ ಮುಗಿಯುವುದು ಮಾತಿನಿಂದಲ್ಲ, ಉಡಿಯಿಂದ. ಇಬ್ಬರೂ ಎದುರುಬದುರು ಕೂತು ಅರಿಶಿನ ಕುಂಕುಮ ಹಚ್ಚಿ, ಒಬ್ಬರ ಸೆರಗಿನೊಳಗೆ ಇನ್ನೊಬ್ಬರು ಖಣ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬಿದರು. ಉಡಿ ತುಂಬಿದ ಮೇಲೆ ಆ ಜಗಳದ ಮಾತು ಯಾರೂ ಎತ್ತುವಂತಿಲ್ಲ. ಎತ್ತಿದರೆ ತುಂಬಿದ ಉಡಿಯನ್ನು ಬಿಚ್ಚಿ ಚೆಲ್ಲಿದ ಹಾಗೆ, ಅದು ಮಕ್ಕಳಿಗೆ ತಟ್ಟುತ್ತದೆ ಎಂದು ನಂಬಿಕೆ. ಅಂದಿನಿಂದ ಬಸಮ್ಮತ್ತೆ ಮನೆಯ ಸಾರು ನಮ್ಮ ಮನೆಗೆ, ನಮ್ಮ ಪಲ್ಯ ಅವರ ಮನೆಗೆ. ಇಡೀ ಊರಿಗೆ ಕೇಸು ಮುಗಿದಿತ್ತು, ಕೋರ್ಟಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸಮನ್ಸು ಬಂದಾಗಲೆಲ್ಲ ಮನೆಯವರು ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಹೋಗಿರುತ್ತಿದ್ದರು. ಮನೆಗೆ ಬೀಗ.

ಕೋರ್ಟಿನ ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ.

"ಯವ್ವಾ, ನಿನ್ನ ಮ್ಯಾಲ ವಾರಂಟ್ ಅದ."

"ಯಾತರದು?"

"ಆ ನಳದ ಜಗಳದ್ದು."

ಅವ್ವ ಸಿಟ್ಟಿಗೆದ್ದಳು. "ಬಾಯಿ ಮುಚ್ಚು. ಆ ಮಾತು ಎತ್ತಬಾರದು ಅಂತ ಗೊತ್ತಿಲ್ಲೇನು? ಉಡಿ ತುಂಬೀವಿ, ಅದು ಮುಗದು ಹೋಗ್ಯಾದ."

"ಊರಾಗ ಮುಗದ್ರ ಕೋರ್ಟಿನ್ಯಾಗ ಮುಗಿಯಂಗಿಲ್ಲಬೇ. ನೀವಿಬ್ರೂ ಬಂದು ಜಡ್ಜ್ ಸಾಹೇಬ್ರ ಮುಂದ ಹೇಳಬೇಕು."

"ಏನಂತ ಹೇಳ್ಲಿ? ನಾ ಹೊಡದೆ, ಅಕಿ ಬೈದ್ಲು ಅಂತನಾ? ಜೈಲಿಗೆ ಹೋದ್ರೂ ಹೋಗ್ತೀನಿ, ಉಡಿ ಬಿಚ್ಚಂಗಿಲ್ಲ. ನನಗ ಇರೋವು ಎರಡು ಮಕ್ಕಳು." ಫೋನು ಇಟ್ಟುಬಿಟ್ಟಳು. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಕಾನೂನು ಓದಿದ ಮಗಳನ್ನು ಇಟ್ಟುಕೊಂಡು ಜೈಲಿಗೆ ಹೋಗುತ್ತಾಳಂತೆ, ಅದೂ ಆ ಮಗಳಿಗೆ ಒಳ್ಳೆಯದಾಗಲೆಂದು!

ಬಾಯಿಂದ ಹಾಗೆ ಹೇಳಿದಳೇ ಹೊರತು ಅವ್ವನ ಜೀವ ಅಂದಿನಿಂದ ಕೈಯಲ್ಲಿತ್ತು. ಮೊಹರಂ ಬಂತು. ನಮ್ಮೂರ ಅಲಾಯಿ ಹಬ್ಬಕ್ಕೆ ಪ್ರತಿ ವರ್ಷದಂತೆ ಬಂದೋಬಸ್ತಿಗೆಂದು ಪೊಲೀಸ್ ಜೀಪು ಬಂತು. ಊರೆಲ್ಲ ಅಲಾಯಿ ಬೆಂಕಿಯ ಸುತ್ತಲಿನ ಹೆಜ್ಜೆ ಕುಣಿತ ನೋಡಲು ನಿಂತಿದ್ದಾಗ ಅವ್ವ ಹಿತ್ತಲಿನ ತೊಗರಿ ಕಟ್ಟಿಗೆಯ ಒಟ್ಟಿಲಿನ ಹಿಂದೆ ಕೂತಿದ್ದಳು. ರಜೆಗೆ ಬಂದಿದ್ದ ನಾನು ಹುಡುಕಿ ಹುಡುಕಿ ಸಾಕಾಗಿ ಅಲ್ಲಿ ನೋಡಿದರೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ. ತಲೆಯ ಮೇಲೆಲ್ಲ ತೊಗರಿ ಹೊಟ್ಟು. "ಹೋದ್ರೇನು?" ಎಂದಳು. ಹೋದರು ಎಂದೆ. ನನ್ನ ಅವ್ವ ಯಾರಿಗೂ ಹೆದರಿದವಳಲ್ಲ. ಮೇಸ್ತ್ರಿಗಳ ಕೂಡ ಎದೆಗೆ ಎದೆ ಕೊಟ್ಟು ಜಗಳಾಡಿ ನಮ್ಮನ್ನು ಸಾಕಿದವಳು. ಅವಳು ಹಾಗೆ ಮುದುರಿಕೊಂಡಿದ್ದು ನೋಡಿ ನನಗೆ ತಡೆಯಲಾಗಲಿಲ್ಲ, ಇಬ್ಬರೂ ಅಲ್ಲೇ ಕೂತು ಅತ್ತೆವು.

ರಾಯಚೂರಿಗೆ ಮರಳಿದ ಮೇಲೆ ಸಿಸ್ಟರ್ ಲೀನಾ ಅವರಿಗೆ ಎಲ್ಲ ಹೇಳಿದೆ. ಹೇಳುವುದಕ್ಕೆ ಮೊದಲು ಬಹಳ ಅಳುಕಿತ್ತು. ಕ್ರಿಮಿನಲ್ ಜಸ್ಟಿಸ್ ಓದುವವಳ ತಾಯಿಯೇ ಆರೋಪಿ ಎಂದರೆ ಏನು ತಿಳಿದಾರು? ಅವರು ಬೇವಿನ ಮರದ ಕೆಳಗೆ ಕೂತು ಪೂರ್ತಿ ಕೇಳಿದರು. ನಡುವೆ ಒಮ್ಮೆ ನಕ್ಕರು ಕೂಡ.

"ಅಲ್ಲ ರೇಣುಕಾ, ಹೊಡೆದವರೂ ಪೆಟ್ಟು ತಿಂದವರೂ ಎದುರು ಕೂತು ಸಂಬಂಧ ಸರಿಮಾಡಿಕೊಳ್ಳುವ ನ್ಯಾಯ ಅಂತ ನಾನು ಎರಡು ವಾರ ಪಾಠ ಮಾಡಿದ್ದಲ್ವಾ? ಹೊರದೇಶದ ಉದಾಹರಣೆ ಎಲ್ಲ ಕೊಟ್ಟದ್ದು. ನಿಮ್ಮ ಮನೆಯಲ್ಲೇ ಉಂಟಲ್ಲ, ಹೇಳುವುದಲ್ವಾ ಮಾರಾಯ್ತಿ?"

"ಆದ್ರ ಅವ್ವ ಕೋರ್ಟಿಗೆ ಬರಂಗಿಲ್ಲ ಅಂತಾಳ್ರಿ ಸಿಸ್ಟರ್. ಜಗಳದ ಮಾತು ಆಡಬಾರದಂತ."

"ಜಗಳದ ಮಾತು ಯಾಕೆ ಆಡಬೇಕು? ರಾಜಿ ಆಗುವ ಕೇಸು ಇದು. ಪೆಟ್ಟು ತಿಂದವಳು ತಾನಾಗಿ ಒಪ್ಪಿ ರಾಜಿ ಆಗಿದ್ದೇನೆ ಅಂದರೆ ಮುಗಿಯಿತು. ನೀನು ಹೋಗಿ ಕೇಳು. ಕೇಳದೆ ಇಲ್ಲಿ ಕೂತು ಹೆದರುವುದು ಎಂತಕ್ಕೆ?"

ಮಹಿಳೆಯರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ ಎಂಬುದೂ ಅವರಿಂದಲೇ ತಿಳಿಯಿತು. ಓದಿದ್ದೆ, ಆದರೆ ನಮ್ಮಂಥವರಿಗೂ ಅದು ಎಂದು ಹೊಳೆದಿರಲಿಲ್ಲ. ದೇವದುರ್ಗದಲ್ಲಿ ಸಿಕ್ಕ ವಕೀಲ ಸಾಹೇಬರು ವಯಸ್ಸಾದವರು, ಉರ್ದು ಬೆರೆಸಿ ಮಾತಾಡುವವರು. "ಮುಂದಿನ ತಿಂಗಳು ಎರಡನೇ ಶನಿವಾರ ಲೋಕ ಅದಾಲತ್ ಅದ, ರಾಜಿ ಕೇಸು ಎಲ್ಲಾ ಅವತ್ತೇ ಖಲಾಸ್ ಮಾಡ್ತಾರ. ಇಬ್ರನ್ನೂ ಕರಕೊಂಡು ಬಾ ಬೇಟಿ. ನಿಮ್ಮವ್ವ ತಾನಾಗಿ ಬಂದು ನಿಂತ್ರ ವಾರಂಟ್ ರದ್ದು ಮಾಡ್ಸಾಕ ನೋಡ್ತೀನಿ. ಖರೆ, ಸಾಹೇಬ್ರು ಒಳಗ ಹಾಕಂಗಿಲ್ಲ ಅಂತ ನಾ ಗ್ಯಾರಂಟಿ ಕೊಡಂಗಿಲ್ಲ" ಎಂದರು. ಆ ಕೊನೆಯ ಮಾತನ್ನು ಅವ್ವನಿಗೆ ಹೇಳಬಾರದು ಅಂದುಕೊಂಡೆ, ಆದರೆ ಹೇಳದೆ ಕರೆತರಲು ಮನಸ್ಸು ಬರಲಿಲ್ಲ. ಹೇಳಿದೆ. ಅವ್ವ ಗೋಡೆ ನೋಡುತ್ತ, "ಬಸಮ್ಮ ಬರ್ತಾಳೇನು ಕೇಳು. ಅಕಿ ಬಂದ್ರ ನಾ ಬರ್ತೀನಿ" ಎಂದಳು. ತೊಗರಿ ಕಟ್ಟಿಗೆಯ ಹಿಂದೆ ಇನ್ನೊಮ್ಮೆ ಕೂರುವುದು ಅವಳಿಗೂ ಬೇಡವಾಗಿತ್ತು.

ಬಸಮ್ಮತ್ತೆ ಆಗ ಊರಲ್ಲಿರಲಿಲ್ಲ. ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ ಮಗಳ ಮನೆಯಲ್ಲಿದ್ದು ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಒಣ ಹೊಲಗಳಿಂದ ಹೋದವರಿಗೆ ಪೋತ್ನಾಳ ಬೇರೆಯೇ ದೇಶ. ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಕೆಸರು ಗದ್ದೆ, ಸಾಲಾಗಿ ಬಗ್ಗಿದ ಹೆಂಗಸರು. ಬದುವಿನ ಮೇಲೆ ನಿಂತು ಕೂಗಿದೆ. ಬಸಮ್ಮತ್ತೆ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. ಹಣೆಯ ಮೇಲಿನ ಕಲೆ ಬಿಸಿಲಿಗೆ ಸ್ಪಷ್ಟ ಕಾಣುತ್ತಿತ್ತು. ನನ್ನನ್ನು ಕಂಡು ಮುಖ ಅರಳಿತು, ಕೋರ್ಟು ಎಂದ ಕೂಡಲೇ ಬಾಡಿತು.

"ಯಾಕಲೇ ರೇಣುಕಾ, ಜಗಳ ಕೆದಕಾಕ ಇಷ್ಟು ದೂರ ಬಂದಿಯೇನು? ನಿಮ್ಮವ್ವ ಕಳಿಸ್ಯಾಳೇನು?"

"ಇಲ್ಲತ್ತಿ. ಜಗಳ ಹೇಳಬ್ಯಾಡ. ಉಡಿ ತುಂಬಿದ್ದು ಅಷ್ಟೇ ಹೇಳು."

ಅವಳು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಮತ್ತೆ ಬಗ್ಗಿ ಸಸಿ ನೆಡತೊಡಗಿದಳು. ನಾನು ಚಪ್ಪಲಿ ಬಿಟ್ಟು ಕೆಸರಿಗಿಳಿದು ಅವಳ ಪಕ್ಕದಲ್ಲಿ ನೆಡುತ್ತಾ ಹೋದೆ. ನನ್ನ ಸಾಲು ಅಂಕುಡೊಂಕಾಗಿ ಉಳಿದ ಹೆಂಗಸರೆಲ್ಲ ನಕ್ಕರು. ಸಾಲು ಮುಗಿದ ಮೇಲೆ ಬಸಮ್ಮತ್ತೆ, "ನಿಮ್ಮವ್ವನ್ನ ಹಿಡಕೊಂಡು ಹೋಗ್ತಾರೇನು ಖರೇನ?" ಎಂದಳು. ಹೌದು ಎಂದೆ. "ಅವತ್ತು ಠಾಣ್ಯಾಗ ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ಇಲ್ಲೀತನ ಬರ್ತದಂತ ಯಾರಿಗೆ ಗೊತ್ತಿತ್ತು" ಎಂದು ಗೊಣಗಿದಳು. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲೇ ಇಲ್ಲ. ಆ ಒಂದು ತಿಂಗಳು ನಾನು ಪುಸ್ತಕದಲ್ಲಿ ಏನು ಓದಿದೆನೋ ದೇವರಿಗೇ ಗೊತ್ತು.

ಅದಾಲತ್ತಿನ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಕೋರ್ಟಿನ ಅಂಗಳದ ತುಂಬ ಜನ. ಅವ್ವ ದೊಡ್ಡದೊಂದು ಕೈಚೀಲ ಎದೆಗೆ ಅವಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಹನ್ನೊಂದಾದರೂ ಬಸಮ್ಮತ್ತೆ ಇಲ್ಲ. ವಕೀಲ ಸಾಹೇಬರು ಬಂದು ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ಕಡೆಗೆ ಗೇಟಿನ ಹತ್ತಿರ ಪ್ಲಾಸ್ಟಿಕ್ ಗೊಬ್ಬರದ ಚೀಲ ತಲೆಗೆ ಹೊದ್ದುಕೊಂಡು ಒಬ್ಬಳು ಬರುವುದು ಕಂಡಿತು. "ಮಾನ್ವಿ ಬಸ್ಸಿನವನ ಸೊಕ್ಕು ನೋಡವ್ವಾ, ಕೈ ಮಾಡಿದ್ರೂ ನಿಲ್ಲಂಗಿಲ್ಲ" ಎಂದು ಬೈಯುತ್ತಲೇ ಬಂದಳು. ಅಷ್ಟು ಇಂಪಾದ ಬೈಗುಳ ನಾನು ಅದುವರೆಗೆ ಕೇಳಿರಲಿಲ್ಲ.

ಒಳಗೆ ಕರೆದರು. ವಕೀಲ ಸಾಹೇಬರು ಏನೋ ಹೇಳಿದರು, ವಾರಂಟಿನ ಮಾತು ಆಮೇಲೆ ನೋಡೋಣ ಎಂದು ಜಡ್ಜ್ ಸಾಹೇಬರು ಪಕ್ಕಕ್ಕಿಟ್ಟರು. ಅವರು ಚಿಕ್ಕ ವಯಸ್ಸಿನವರು, ಮೈಸೂರು ಕಡೆಯ ಮಾತು. ಬಸಮ್ಮತ್ತೆಯನ್ನು ನೋಡಿ, "ಇವರು ಕೊಡದಿಂದ ಹೊಡೆದು ನಿಮಗೆ ಗಾಯ ಮಾಡಿದ್ದು ನಿಜವೇನಮ್ಮ?" ಎಂದರು.

ಬಸಮ್ಮತ್ತೆ ತುಟಿ ಬಿಗಿದು ಫ್ಯಾನು ನೋಡಿದಳು.

ಇನ್ನೊಮ್ಮೆ ಕೇಳಿದರು. ಅವಳ ಕಣ್ಣು ಫ್ಯಾನಿನಿಂದ ಇಳಿಯಲಿಲ್ಲ. ಸಾಹೇಬರ ಹುಬ್ಬು ಗಂಟಾಯಿತು. "ನೀವು ಸುಮ್ಮನಿದ್ದರೆ ನಾನೇನು ತಿಳಿಯಲಿ? ಯಾರಾದರೂ ಹೆದರಿಸಿ ಕರೆತಂದಿದ್ದಾರಾ?" ರಾಜಿ ಸ್ವಂತ ಇಚ್ಛೆಯಿಂದ ಆಗಿಲ್ಲ ಎಂದು ಅನುಮಾನ ಬಂದರೆ ಅವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಎದುರಿಗೆ ನಿಂತ ಅವ್ವನ ಮೇಲೆ ವಾರಂಟ್ ಇದ್ದೇ ಇದೆ, ಬಾಗಿಲಲ್ಲಿ ಪೊಲೀಸರೂ ಇದ್ದಾರೆ. ಹಿಂದಿನ ಬೆಂಚಿನಿಂದ ಕೂಗಿ ಹೇಳೋಣವೆಂದು ನಾನು ಅರ್ಧ ಎದ್ದೆ.

ಆದರೆ ಹೆದರಿಸಿದರಾ ಎಂಬ ಮಾತು ಬಸಮ್ಮತ್ತೆಗೆ ನಾಟಿಬಿಟ್ಟಿತ್ತು.

"ನನ್ನ ಯಾರ್ರೀ ಹೆದರಸೋರು? ನಮ್ಮೂರಾಗ ಕೇಳ್ರಿ ಹೋಗಿ! ಅಕಿ ಉಡಿ ನಾ ತುಂಬೀನಿ, ನನ್ನ ಉಡಿ ಅಕಿ ತುಂಬ್ಯಾಳ. ಆ ಮಾತು ಆಡಂಗಿಲ್ರಿ ಸಾಹೇಬ್ರ. ನೀವು ಕೇಳಬಾರದು, ನಾ ಹೇಳಬಾರದು."

ಕೋರ್ಟು ಗೊಳ್ಳೆಂದಿತು. ಸಾಹೇಬರು ನಗಲಿಲ್ಲ. "ಉಡಿ ಅಂದರೆ?" ಎಂದರು. ವಕೀಲ ಸಾಹೇಬರು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಬಸಮ್ಮತ್ತೆ ಸೀದಾ ಅವ್ವನ ಮುಂದೆ ಹೋಗಿ ನಿಂತಿದ್ದಳು. "ಸೆರಗು ಹಿಡಿ" ಎಂದಳು. ಅವ್ವ ಸೆರಗು ಒಡ್ಡಿದಳು. ಬಸಮ್ಮತ್ತೆ ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ ಎರಡು ಎಲೆ, ಒಂದು ಅಡಿಕೆ ತೆಗೆದು ಅದರೊಳಗೆ ಹಾಕಿದಳು. ಕೈಮುಗಿದಳು. ತಿರುಗಿ, "ಇದ ನೋಡ್ರಿ. ಇಷ್ಟಾದ ಮ್ಯಾಲ ಇನ್ನೇನು ಉಳಿತದ?" ಎಂದಳು. ಈ ಸಲ ಯಾರೂ ನಗಲಿಲ್ಲ. ಸೆರಗನ್ನು ಹಾಗೆಯೇ ಹಿಡಿದುಕೊಂಡು ಅವ್ವ ಅಳುತ್ತಿದ್ದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ನಿಮ್ಮ ಮನಸ್ಸಿನಿಂದಲೇ ರಾಜಿ ಆಗಿದ್ದೀರಿ, ಅಲ್ಲವೇನಮ್ಮ?" ಎಂದರು. "ಹೌದ್ರಿ, ಯಾವಾಗೋ ಆಗೀವಿ, ನಿಮಗ ಹೇಳೋದು ಉಳಿದಿತ್ತು" ಎಂದಳು ಬಸಮ್ಮತ್ತೆ. ವಾರಂಟ್ ರದ್ದಾಯಿತು. ಕರೆದಾಗ ಬರಬೇಕಮ್ಮ ಎಂದು ಅವ್ವನಿಗೆ ಸ್ವಲ್ಪ ಗದರಿದರು. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಕೇಸು ಮುಗಿಯಿತು. ಅಷ್ಟು ವರ್ಷ ತೂಗುತ್ತಿದ್ದದ್ದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ನಾನು ಹೊರಗೆ ಬಂದು ಸಿಸ್ಟರಿಗೆ ಫೋನು ಮಾಡಿ ಅಳುತ್ತ ನಗುತ್ತ ಏನೇನೋ ಹೇಳಿದೆ. ಅವರು "ದೇವರು ದೊಡ್ಡವ" ಎಂದರು, ಆಮೇಲೆ "ಇದನ್ನೆಲ್ಲ ಸೋಮವಾರ ಕ್ಲಾಸಿನಲ್ಲಿ ಹೇಳಬೇಕು ನೀನು" ಎಂದರು. ಫೋನು ಇಟ್ಟು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ಬಸಮ್ಮತ್ತೆಯನ್ನು ಮಾನ್ವಿ ಬಸ್ಸು ಹತ್ತಿಸಿದೆವು. ನಮ್ಮ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಒಬ್ಬ ಪೊಲೀಸ್ ಪೇದೆ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೇರೆ ಕಡೆ ಜಾಗವೂ ಇತ್ತು. ಅವ್ವ ನೇರ ಹೋಗಿ ಅವನ ಪಕ್ಕದಲ್ಲೇ ಕೂತಳು. "ಯಪ್ಪಾ, ಅರಕೇರಾ ಬಸ್ಸು ಎಷ್ಟೊತ್ತಿಗದ?" ಎಂದು ಕೇಳಿದಳು. ಅವನು ಹೇಳಿದ. ಅವ್ವ ಬೆಳಗಿನಿಂದ ಅವಚಿಕೊಂಡಿದ್ದ ಕೈಚೀಲ ಬಿಚ್ಚಿದಳು. ಒಳಗೆ ಒಂದು ಹಳೆ ಸೀರೆ, ಅದರಲ್ಲಿ ಸುತ್ತಿದ ಖಡಕ್ ರೊಟ್ಟಿಯ ದೊಡ್ಡ ಒಟ್ಟು, ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ. ನನಗೇ ಗೊತ್ತಿರಲಿಲ್ಲ.

"ಏನವ್ವಾ, ಇಷ್ಟು ರೊಟ್ಟಿ? ದೂರ ಎಲ್ಲಿಗೋ ಹೊಂಟಿದ್ದಿ ಏನು?" ಎಂದ ಪೇದೆ.

"ಜೈಲಿಗೆ ಹೊಂಟಿದ್ನಪ್ಪಾ, ಬ್ಯಾಡ ಅಂದ್ರು" ಎಂದಳು ಅವ್ವ. ಎರಡು ರೊಟ್ಟಿಯ ಮೇಲೆ ಹಿಂಡಿ ಹಾಕಿ ಅವನ ಕೈಗಿಟ್ಟಳು. "ತಿನ್ನು."